ದಾರಿಯಲ್ಲಿ ಏನು ಕಂಡೆ?

ತುಂಗಭದ್ರೆಯ ದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಗಡ್ಡವಿಲ್ಲ, ಕಾವಿಯಿಲ್ಲ, ಕೊರಳಲ್ಲಿ ರುದ್ರಾಕ್ಷಿಯೂ ಇಲ್ಲ. ಇದ್ದದ್ದು ಒಂದು ತಗಡಿನ ಶೆಡ್ಡು, ಅದಕ್ಕೆ ನೆರಳಾಗಿ ಒಂದು ಹೊಂಗೆಮರ, ಮರದಡಿ ಅವರಷ್ಟೇ ವಯಸ್ಸಾದಂತೆ ಕಾಣುವ ಒಂದು ಮೋಟಾರ್ ಸೈಕಲ್ಲು.

ಹೆಸರು ಸುಬೇದಾರ್ ಗುರುಪಾದಪ್ಪ. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಹುಡುಗರಿಗೆ ಬೈಕು ಓಡಿಸುವುದನ್ನು ಕಲಿಸಿ, ಎರಡೂ ಮಂಡಿ ಸವೆದ ಮೇಲೆ ಊರಿಗೆ ಬಂದವರು. ಊರವರು ಆ ಶೆಡ್ಡನ್ನು ತಮಾಷೆಗೆ ಆಶ್ರಮ ಎಂದರು. ತಮಾಷೆ ಹಳೆಯದಾಯಿತು, ಹೆಸರು ಉಳಿಯಿತು.

ಒಂದು ಭಾನುವಾರ ಬೆಳಿಗ್ಗೆ ಇಂದುಧರ ಆ ಆಶ್ರಮಕ್ಕೆ ಬಂದ. ಹೈಸ್ಕೂಲಿನ ಗಣಿತದ ಮೇಷ್ಟ್ರು, ವಯಸ್ಸು ನಲವತ್ತೈದರ ಆಸುಪಾಸು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ.

ಸುಬೇದಾರರು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕುತ್ತಿದ್ದರು.

“ಗುರುಗಳೇ, ಬೈಕು ಕಲಿಯಬೇಕು.”

“ಬೈಕಿನ ಮೇಲೇ ಬಂದೆಯಲ್ಲೋ ಮೇಷ್ಟ್ರೇ!”

“ಇಪ್ಪತ್ತು ವರ್ಷದಿಂದ ಓಡಿಸುತ್ತಾ ಇದ್ದೇನೆ. ಚೆನ್ನಾಗಿ ಓಡಿಸುವುದನ್ನು ಕಲಿಯಬೇಕು.”

ಬ್ರಷ್ಷು ನಿಂತಿತು.

“ಯಾರು ಬಿದ್ದರು?”

ಇಂದುಧರ ತಲೆ ತಗ್ಗಿಸಿದ. ಬಿದ್ದದ್ದು ಇಬ್ಬರೂ. ಏಳು ತಿಂಗಳ ಹಿಂದೆ, ಕಲ್ಲುಮಂಟಪದ ತಿರುವಿನಲ್ಲಿ, ಜಲ್ಲಿಯ ಮೇಲೆ. ಇವನಿಗೆ ಮೊಣಕೈ ತರಚಿತು, ಅಷ್ಟೇ. ಹಿಂದೆ ಕೂತಿದ್ದ ಹೆಂಡತಿ ಸರ್ವಮಂಗಳೆಗೆ ಹೆಗಲ ಮೂಳೆ ಮುರಿಯಿತು.

ಅವಳು ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು. ಇವನ ಶಾಲೆಯೂ ಅದೇ ಪಟ್ಟಣದಲ್ಲಿ. ಹದಿನೆಂಟು ಕಿಲೋಮೀಟರು ದಾರಿ, ಹದಿನೈದು ವರ್ಷ, ಒಂದೇ ಬೈಕು. ಮನೆಯಲ್ಲಿ ಆಡಲಾಗದ ಮಾತೆಲ್ಲ ಆ ದಾರಿಯಲ್ಲೇ ಮುಗಿಯುತ್ತಿತ್ತು. ಈಗ ಅವಳು ಬಸ್ಸಿನಲ್ಲಿ ಹೋಗುತ್ತಾಳೆ. ಇವನು ಅದೇ ಬಸ್ಸಿನ ಹೊಗೆ ಕುಡಿಯುತ್ತಾ ಹಿಂದೆ.

“ಬಸ್ಸನ್ನು ದಾಟಿ ಮುಂದೆ ಹೋಗಬಹುದಲ್ಲ?” ಎಂದರು ಸುಬೇದಾರರು.

“ಅವಳು ಕಿಟಕಿ ಪಕ್ಕ ಕೂರುತ್ತಾಳೆ ಗುರುಗಳೇ. ಹಿಂದಿದ್ದರೆ ಮೊಣಕೈಯಾದರೂ ಕಾಣುತ್ತೆ.”

ಸುಬೇದಾರರು ನಗಲಿಲ್ಲ. “ಏನಂತಾಳೆ?”

“ಆ ತಿರುವು ಬಂದರೆ ಬಸ್ಸಿನಲ್ಲೂ ಕಣ್ಣು ಮುಚ್ಚಿಕೊಳ್ಳುತ್ತಾಳಂತೆ. ‘ಎಲ್ಲಾದರೂ ಸರಿಯಾಗಿ ಕಲಿತು ಬನ್ನಿ, ಆಮೇಲೆ ಒಂದೇ ಒಂದು ಸಲ ಹಿಂದೆ ಕೂರುತ್ತೇನೆ. ಆ ತಿರುವಿನಲ್ಲಿ ನನ್ನ ಎದೆ ಡವಡವ ಅಂದರೆ ಮಾರನೇ ದಿನವೇ ಬೈಕು ಮಾರಿಬಿಡಬೇಕು. ಇಬ್ಬರೂ ಬಸ್ಸಿನಲ್ಲೇ ಓಡಾಡೋಣ’ ಅಂದಿದ್ದಾಳೆ.”

“ಬಸ್ಸೇನು ಕೆಟ್ಟದ್ದಲ್ಲ.”

“ಬಸ್ಸಿನಲ್ಲಿ ಹೆಂಗಸರ ಸೀಟು ಬೇರೆ, ಗುರುಗಳೇ.”

ಈಗ ನಕ್ಕರು.

“ನೀವೇ ಕಲಿಸಿಕೊಡಿ” ಎಂದ ಇಂದುಧರ.

“ನನ್ನ ಮಂಡಿಗೆ ಪಿಂಚಣಿ ಬಂದು ಎಂಟು ವರ್ಷವಾಯಿತು. ಬೇರೆ ಯಾರನ್ನಾದರೂ ಹಿಡಿ.”

“ಅದನ್ನೇ ಕೇಳಲು ಬಂದೆ. ಮೂರು ಶಾಲೆ ನೋಡಿಟ್ಟಿದ್ದೇನೆ. ಯಾವುದಕ್ಕೆ ಸೇರಲಿ?”

ಕಾಗದ ಬಿಚ್ಚಿದ. ಗಣಿತದ ಮೇಷ್ಟ್ರಲ್ಲವೇ? ಗೆರೆ ಎಳೆದು ಕೋಷ್ಟಕ ಮಾಡಿದ್ದ. ಟ್ರ್ಯಾಕಿಗೆ ಮೂವತ್ತು ಅಂಕ, ಸರ್ಟಿಫಿಕೇಟಿಗೆ ಇಪ್ಪತ್ತು, ಕಲಿಸುವವರು ಗೆದ್ದ ಕಪ್ಪುಗಳಿಗೆ ಇಪ್ಪತ್ತು, ಹೀಗೆ ಒಟ್ಟು ನೂರು. ಮೊದಲ ಶಾಲೆಗೆ ಎಂಬತ್ತಾರು ಬಂದಿತ್ತು. ಎರಡನೆಯದಕ್ಕೆ ಎಪ್ಪತ್ತೊಂಬತ್ತು. ಮೂರನೆಯದಕ್ಕೆ ಇಪ್ಪತ್ತೆರಡು. ಅದು ಫೇಲು. ಆದರೂ ಪಟ್ಟಿಯಲ್ಲಿ ಮೂರು ಇರಲಿ ಎಂದು ಬರೆದುಕೊಂಡಿದ್ದ.

ಸುಬೇದಾರರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಅದೇ ಕಾಗದದಿಂದ ನೀಟಾಗಿ ಒರೆಸಿದರು.

“ಅಯ್ಯೋ, ಗುರುಗಳೇ!”

“ಒಳ್ಳೇ ಕಾಗದ. ಎಣ್ಣೆ ಚೆನ್ನಾಗಿ ಹೀರುತ್ತೆ.”

“ಎರಡು ವಾರ ಕೂತು ಮಾಡಿದ್ದು!”

“ಈಗ ಮೂರು ದಿನ ಕೂರು. ಮೂರು ಕಡೆಯೂ ಹೋಗು. ಕಲಿಸುವವರ ಹಿಂದಿನ ಸೀಟಿನಲ್ಲಿ ಕೂತು ಬಾ.”

“ನಾನು ಕಲಿಯಬೇಕಾದ್ದು ಮುಂದಿನ ಸೀಟಿನ ವಿದ್ಯೆ.”

“ಗೊತ್ತು. ಕೂತು ಬಾ. ಬಂದು, ದಾರಿಯಲ್ಲಿ ಏನು ಕಂಡೆ ಅಂತ ಹೇಳು. ಅಷ್ಟೇ.”

ಇಂದುಧರ ಮೊದಲ ಶಾಲೆಗೆ ಹೋದ. ಮುಂದಿನ ಭಾನುವಾರ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

“ಏನು ಕಂಡೆ?”

“ಅಬ್ಬಬ್ಬಾ, ಎಂಥ ಕೈ ಗುರುಗಳೇ ಅವರದ್ದು! ಮೈತುಂಬ ಚರ್ಮದ ಅಂಗಿ. ತಿರುವಿನಲ್ಲಿ ಮಂಡಿ ನೆಲಕ್ಕೆ ತಾಗುತ್ತೆ. ಗೋಡೆ ತುಂಬ ಕಪ್ಪುಗಳು.”

“ದಾರಿಯಲ್ಲಿ?”

“ದಾರಿಯಲ್ಲಿ... ಮೀಟರಿನಲ್ಲಿ ನೂರಾ ನಲವತ್ತು ಕಂಡೆ. ಆಮೇಲೆ ಕಣ್ಣು ಮುಚ್ಚಿಕೊಂಡೆ.”

ಸುಬೇದಾರರು ಟೀ ಕೊಟ್ಟು ಕಳಿಸಿದರು.

ಎರಡನೇ ಶಾಲೆಯಿಂದ ಬಂದಾಗ ಇಂದುಧರ ಕುತ್ತಿಗೆ ಹಿಡಿದುಕೊಂಡಿದ್ದ.

“ಏನು ಕಂಡೆ?”

“ಇವರು ಬಹಳ ಎಚ್ಚರಿಕೆಯ ಮನುಷ್ಯ. ಒಂದೊಂದು ನಿಯಮವನ್ನೂ ಬಾಯಿಪಾಠ ಹೇಳುತ್ತಾ ಓಡಿಸಿದರು. ನಾಯಿ ಕಂಡರೆ ಬ್ರೇಕು, ಹಸು ಕಂಡರೆ ಬ್ರೇಕು. ಪ್ರತಿ ಬ್ರೇಕಿಗೂ ನನ್ನ ಹೆಲ್ಮೆಟ್ಟು ಹೋಗಿ ಅವರ ಹೆಲ್ಮೆಟ್ಟಿಗೆ ಟಕ್. ಎಣಿಸಿದೆ ಗುರುಗಳೇ, ಮೂವತ್ತೊಂದು ಟಕ್.”

“ದಾರಿಯಲ್ಲಿ?”

“ಅವರ ಹೆಲ್ಮೆಟ್ಟಿನ ಹಿಂಭಾಗ. ಅದರ ಮೇಲೆ ‘ಅಂತರ ಕಾಯ್ದುಕೊಳ್ಳಿ’ ಅಂತ ಬರೆದಿತ್ತು.”

ಸುಬೇದಾರರು ಕೆಮ್ಮಿದ ಹಾಗೆ ಮಾಡಿ ಮುಖ ಹೊಳೆಯ ಕಡೆ ತಿರುಗಿಸಿಕೊಂಡರು. ಅಂದೂ ಟೀ ಸಿಕ್ಕಿತು.

ಮೂರನೆಯದಕ್ಕೆ ಹೋಗಲು ಇಂದುಧರನಿಗೆ ಮನಸ್ಸೇ ಇರಲಿಲ್ಲ. ಪಟ್ಟಣದಾಚೆ, ಮುಚ್ಚಿಹೋದ ಹತ್ತಿ ಮಾರುಕಟ್ಟೆಯ ಅಂಗಳ. ನೆಲದ ಮೇಲೆ ಸುಣ್ಣದ ಗೆರೆ, ಅಲ್ಲಲ್ಲಿ ಅರ್ಧ ಇಟ್ಟಿಗೆ. ಕಲಿಸುವವರು ದಾನಮ್ಮ ಎಂಬ ಹೆಂಗಸು. ಪೊಲೀಸರಿಗೆ ಇಪ್ಪತ್ತು ವರ್ಷ ಬೈಕು ಕಲಿಸಿ ಸ್ವಯಂ ನಿವೃತ್ತಿ ಪಡೆದವರು. ಬೋರ್ಡು ಕೂಡ ಇಲ್ಲ.

“ಏನು ಕಂಡೆ?”

“ಏನೂ ವಿಶೇಷ ಇಲ್ಲ ಗುರುಗಳೇ. ಹೋದೆವು, ಬಂದೆವು.”

“ದಾರಿಯಲ್ಲಿ?”

“ಒಂದು ಬಾವಿ ಇದೆ, ಅದರ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗನ ಗೂಡು. ಹನ್ನೊಂದು ಗೂಡು. ಒಂದು ಮಾತ್ರ ಅರ್ಧ ಕಟ್ಟಿ ಬಿಟ್ಟಿತ್ತು, ಯಾಕೋ. ಆಮೇಲೆ ಒಂದು ಮನೆ ಮುಂದೆ ಅಜ್ಜಿಗೆ ಮೊಮ್ಮಗಳು ತಲೆ ಬಾಚುತ್ತಿದ್ದಳು. ಸಾಮಾನ್ಯವಾಗಿ ಅಜ್ಜಿ ಅಲ್ಲವಾ ಬಾಚುವುದು? ಆಮೇಲೆ ಈರುಳ್ಳಿ ರಾಶಿ ಹಾಕಿದ್ದರು, ಬಿಸಿಲಿಗೆ ಎಂಥ ಬಣ್ಣ ಅಂತೀರಿ...”

ಅವನು ಹೇಳುತ್ತಲೇ ಹೋದ. ಟೀ ಆರಿತು. ಆಮೇಲೆ ತಾನೇ ಗಕ್ಕನೆ ನಿಂತ.

“ಗುರುಗಳೇ, ಆಯಮ್ಮ ಹೇಗೆ ಓಡಿಸಿದರು ಅಂತ ನೋಡುವುದನ್ನೇ ಮರೆತುಬಿಟ್ಟೆ.”

ಸುಬೇದಾರರು ಆರಿದ ಟೀಯನ್ನು ಚೆಲ್ಲಿ, ಬಿಸಿ ಟೀ ಬಗ್ಗಿಸಿದರು.

“ಆದರೆ ಅಲ್ಲಿ ಸರ್ಟಿಫಿಕೇಟು ಕೊಡುವುದಿಲ್ಲ” ಎಂದ ಇಂದುಧರ.

“ನಿನ್ನ ಸರ್ಟಿಫಿಕೇಟು ಬಸ್ಸಿನಲ್ಲಿ ಓಡಾಡುತ್ತಿದೆ” ಎಂದರು ಸುಬೇದಾರರು.

ಅವನು ದಾನಮ್ಮನವರ ಹತ್ತಿರ ಸೇರಿದ.

ಮೊದಲ ದಿನ ದಾನಮ್ಮ ಒಂದು ಎಮ್ಮೆಯನ್ನು ತೋರಿಸಿದರು. ಪಕ್ಕದ ಓಣಿಯ ಎಮ್ಮೆ, ದಿನಾ ಸಂಜೆ ಅಂಗಳ ದಾಟಿ ಮನೆಗೆ ಹೋಗುತ್ತಿತ್ತು.

“ಅದರ ಜೊತೆ ಹೋಗಿ ಮೇಷ್ಟ್ರೇ. ಮುಂದೆ ಹೋಗಬಾರದು, ಹಿಂದೆ ಉಳಿಯಬಾರದು, ಕಾಲು ಊರಬಾರದು.”

“ಎಷ್ಟು ದಿನ?”

“ಎಮ್ಮೆಗೆ ನಿಮ್ಮ ಮೇಲೆ ನಂಬಿಕೆ ಬರುವವರೆಗೆ.”

ಎಮ್ಮೆ ನಾಲ್ಕು ದಿನ ಅವನನ್ನು ಕೆಕ್ಕರಿಸಿ ನೋಡಿತು. ಒಂಬತ್ತನೇ ದಿನ ಬಾಲ ಬೀಸುವುದನ್ನು ಬಿಟ್ಟಿತು. ಮೂರನೇ ವಾರ ಅವನು ಪಕ್ಕದಲ್ಲಿ ಹೋಗುತ್ತಿದ್ದರೂ ಮೆಲುಕು ಹಾಕುತ್ತಾ ನಡೆಯಿತು. ಆಮೇಲೆ ಸುಣ್ಣದ ಗೆರೆ, ಆಮೇಲೆ ಇಟ್ಟಿಗೆ, ಆಮೇಲೆ ಒದ್ದೆ ನೆಲ, ಕೊನೆಗೆ ಜಲ್ಲಿ. ಬ್ರೇಕನ್ನು ಹಿಂಡುವುದಲ್ಲ, ಮಗುವಿನ ಕೈ ಹಿಡಿದ ಹಾಗೆ ಹಿಡಿಯುವುದು ಎಂದು ಅವನ ಬೆರಳಿಗೆ ತಿಳಿಯಲು ಎರಡು ತಿಂಗಳು ಬೇಕಾಯಿತು.

ಮೂರು ತಿಂಗಳು ತುಂಬಿದ ದಿನ ಇಂದುಧರ ಆಶ್ರಮದ ಮುಂದೆ ಬಂದು ನಿಂತ. ನಿಂತ ರೀತಿಯಲ್ಲೇ ಒಂದು ಬಿಂಕವಿತ್ತು.

“ಹತ್ತಿ ಗುರುಗಳೇ. ಕಲ್ಲುಮಂಟಪದವರೆಗೆ ಹೋಗಿ ಬರೋಣ. ನಾಳೆಯೇ ಸರ್ವಮಂಗಳೆಯನ್ನು ಕೂರಿಸಿಕೊಳ್ಳುತ್ತೇನೆ.”

ಸುಬೇದಾರರು ಮಂಡಿ ಹಿಡಿದುಕೊಂಡು ಹತ್ತಿ ಕೂತರು.

ಇಂದುಧರ ಓಡಿಸಿದ. ನೂಲು ಹಿಡಿದಂತೆ ಓಡಿಸಿದ. ತಿರುವಿಗೆ ಎಷ್ಟು ಬೇಕೋ ಅಷ್ಟು ಬಾಗಿದ. ಜಲ್ಲಿಯನ್ನು ಸವರಿಕೊಂಡು ಹೋದ. ಗೇರು ಬದಲಿಸಿದ್ದು ಅವನ ಕಿವಿಗೇ ಕೇಳಿಸಲಿಲ್ಲ. ಒಂದು ಗುಂಡಿ ತಪ್ಪಿಸಿದ ಚಂದಕ್ಕೆ ತನಗೆ ತಾನೇ ಶಹಬ್ಬಾಸ್ ಎಂದುಕೊಂಡ.

ವಾಪಸ್ ಬಂದು ಇಳಿದ ಮೇಲೆ ಅವನೇ ಕೇಳಿದ. “ದಾರಿಯಲ್ಲಿ ಏನು ಕಂಡಿರಿ ಗುರುಗಳೇ?”

“ನಿನ್ನನ್ನು ಕಂಡೆ” ಎಂದರು ಸುಬೇದಾರರು.

ಅಂದು ಟೀ ಇರಲಿಲ್ಲ.

ಇಂದುಧರ ಸಪ್ಪೆ ಮುಖ ಹೊತ್ತು ದಾನಮ್ಮನವರ ಬಳಿ ಹೋಗಿ ನಡೆದದ್ದನ್ನು ಹೇಳಿದ.

“ಸುಬೇದಾರರು ಹಾಗೆಂದರಾ?” ಎಂದು ದಾನಮ್ಮ ಸೆರಗು ಸಿಕ್ಕಿಸಿದರು. “ಹಾಗಾದರೆ ಇನ್ನೊಂದು ತಿಂಗಳು ಎಮ್ಮೆ.”

ಆ ತಿಂಗಳು ಅವನು ಯಾರಿಗೂ ಏನನ್ನೂ ತೋರಿಸಲಿಲ್ಲ. ಎಮ್ಮೆಯ ಜೊತೆ ಹೋದ, ಬಂದ. ಒಂದು ಸಂಜೆ ಎಮ್ಮೆ ಯಾವಾಗ ತನ್ನ ಕೊಟ್ಟಿಗೆ ಸೇರಿತೋ ಅವನಿಗೆ ತಿಳಿಯಲಿಲ್ಲ. ಅವನ ಕಾಲು ಮಾತ್ರ ನೆಲ ಮುಟ್ಟಿರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಸರ್ವಮಂಗಳೆ ಮನೆಯ ಮೆಟ್ಟಿಲಿಳಿದು ಬಂದಳು. ಹೆಲ್ಮೆಟ್ಟಿನ ಪಟ್ಟಿಯನ್ನು ಎರಡು ಸಲ ಬಿಗಿದುಕೊಂಡಳು.

“ರೀ, ಮಾತು ನೆನಪಿದೆಯಲ್ಲ? ಒಂದೇ ಸಲ.”

“ನೆನಪಿದೆ.”

“ಆಮೇಲೆ ‘ಇನ್ನೊಂದು ಸಲ’ ಅನ್ನುವ ಹಾಗಿಲ್ಲ.”

“ಇಲ್ಲ ಮಾರಾಯ್ತಿ, ಹತ್ತು.”

ಅವಳು ಕೂತು ಅವನ ಹೆಗಲನ್ನು ಹಿಡಿದಳು. ಹಿಡಿತವೆಂದರೆ ಹಿಡಿತ. ಇಂಜೆಕ್ಷನ್ ಕೊಡುವಾಗ ಮಕ್ಕಳ ತೋಳನ್ನು ಹೀಗೆಯೇ ಹಿಡಿಯುತ್ತಾಳೋ ಏನೋ ಎಂದುಕೊಂಡ. ಬಾಯಿ ಬಿಟ್ಟು ಹೇಳಲಿಲ್ಲ.

ಬೈಕು ಹೊರಟಿತು. ಊರು ದಾಟಿತು. ಕಾಲುವೆ ದಾಟಿತು. ಅವನು ಕನ್ನಡಿಯಲ್ಲಿ ಅವಳ ಮುಖ ನೋಡಲಿಲ್ಲ. ಏನೂ ಕೇಳಲೂ ಇಲ್ಲ. ಮುಂದೆ ದಾರಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಕಣ್ಣು ಹೋಯಿತು, ಕಣ್ಣಿನ ಹಿಂದೆ ಬೈಕು ಹೋಯಿತು.

ಕಲ್ಲುಮಂಟಪದ ತಿರುವು ಬಂತು.

ಸರಿಯಾಗಿ ಅಲ್ಲಿ, ತಿರುವಿನ ನಡುವೆ, ಅವನ ಹೆಗಲ ಮೇಲಿದ್ದ ಕೈ ಇಲ್ಲವಾಯಿತು.

ಕಣ್ಣು ಮುಚ್ಚಿಕೊಂಡಿರಬೇಕು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿರಬೇಕು. ಮುಗಿಯಿತು ಎಂದುಕೊಂಡ ಇಂದುಧರ. ಆದರೂ ಬ್ರೇಕನ್ನು ಮಗುವಿನ ಕೈಯಂತೆಯೇ ಹಿಡಿದಿದ್ದ. ಜಲ್ಲಿ ಚಕ್ರದಡಿ ಸಣ್ಣಗೆ ಸದ್ದು ಮಾಡಿ ಹಿಂದೆ ಸರಿಯಿತು.

ಹೊಳೆದಂಡೆಯಲ್ಲಿ ಬೈಕು ನಿಂತಾಗ ಸುಬೇದಾರರು ಆಗಲೇ ಮೂರು ಲೋಟ ಜೋಡಿಸಿದ್ದರು.

ಸರ್ವಮಂಗಳೆ ಇಳಿದು ಹೆಲ್ಮೆಟ್ಟು ತೆಗೆದಳು. ಇಂದುಧರ ಇಳಿಯಲಿಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೈಯಿಟ್ಟುಕೊಂಡು, ಹದಿನೈದು ವರ್ಷ ಹೊತ್ತ ಕುದುರೆಯನ್ನು ಸಂತೆಯಲ್ಲಿ ಮಾರಲು ಒಯ್ಯುವವನ ಹಾಗೆ ಕೂತೇ ಇದ್ದ.

“ದಾರಿಯಲ್ಲಿ ಏನು ಕಂಡಿರಿ ತಾಯಿ?” ಎಂದರು ಸುಬೇದಾರರು.

“ಏನು ಕಾಣೋದು ಸುಬೇದಾರರೇ? ಕಾಲುವೆಯಲ್ಲಿ ನೀರು ಬಿಟ್ಟಿದ್ದಾರೆ. ಹುಡುಗರು ಕೋಣದ ಬೆನ್ನ ಮೇಲಿಂದ ಧುಮುಕುತ್ತಾ ಇದ್ದರು, ನೋಡಿದರೆ ನಗು ಬರುತ್ತೆ. ಆಮೇಲೆ ಒಂದು ದೊಡ್ಡ ಹುಣಸೆಮರ ಇದೆಯಲ್ಲ, ಅದರ ಪೊಟರೆಯಲ್ಲಿ ಎರಡು ಗಿಳಿಮರಿ! ಕತ್ತು ಮಾತ್ರ ಹೊರಗೆ ಹಾಕಿಕೊಂಡು, ಥೇಟ್ ನಮ್ಮ ವಾರ್ಡಿನ ಪೇಷೆಂಟುಗಳು. ಇವರಿಗೆ ಕೈ ಮಾಡಿ ತೋರಿಸಿದೆ. ಇವರು ನೋಡಲೇ ಇಲ್ಲ.”

ಇಂದುಧರ ತಲೆಯೆತ್ತಿದ.

“ಯಾವ ಹುಣಸೆಮರ?”

“ಅಯ್ಯೋ, ಅಷ್ಟು ದೊಡ್ಡ ಮರ ಕಾಣಲಿಲ್ಲವೇ? ಅಲ್ಲೇ ರೀ, ಕಲ್ಲುಮಂಟಪದ—”

ಅವಳ ಮಾತು ಅಲ್ಲಿಗೇ ನಿಂತಿತು.

ಅವಳು ಗಂಡನನ್ನು ನೋಡಿದಳು. ಗಂಡ ಅವಳನ್ನು ನೋಡಿದ. ಆ ತಿರುವಿನ ಜಲ್ಲಿಯಲ್ಲಿ ಎಷ್ಟು ಕಲ್ಲಿದೆ ಎಂದು ಕೇಳಿದರೆ ಎಣಿಸಿ ಹೇಳಬಲ್ಲವನು ಅವನು. ಇಪ್ಪತ್ತು ವರ್ಷದಲ್ಲಿ ಮರವನ್ನು ಕಂಡಿರಲಿಲ್ಲ.

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಸುಬೇದಾರರು ಮೂರೂ ಲೋಟಕ್ಕೆ ಟೀ ಬಗ್ಗಿಸಿದರು. ಮೊದಲ ಲೋಟವನ್ನು ಸರ್ವಮಂಗಳೆಯ ಕೈಗಿಟ್ಟರು.

“ಗಿಳಿಗಳು ಮುಂದಿನ ವರ್ಷವೂ ಮರಿ ಮಾಡುತ್ತವೆ ತಾಯಿ. ಅಷ್ಟರಲ್ಲಿ ನೀವೂ ದಾನಮ್ಮನ ಹತ್ತಿರ ಸೇರಿ ಕಲಿತುಬಿಡಿ. ಪಾಪ, ಇವನೂ ಒಂದು ಸಲ ಹಿಂದೆ ಕೂತು ನೋಡಲಿ.”