ಮೀಟರಿನ ಅಹವಾಲು

ಅಂಗಳದ ಗುಂಡಿಯಲ್ಲಿ ಕೂತ ನಲ್ಲಿ ಮೀಟರಿಗೆ ಸೂರಿನಡಿಯ ಹಂಡೆಯ ಮೇಲೆ ವಿಪರೀತ ಹೊಟ್ಟೆಕಿಚ್ಚು. ಅದರ ಮೇಲೆ ಕಣ್ಣಿಡಲೆಂದೇ ಗುಂಡಿಯ ಮುಚ್ಚಳ ಹಾಕಿಸಿಕೊಳ್ಳುತ್ತಿರಲಿಲ್ಲ, ನೋಡಿ!

"ನನ್ನ ಕಣ್ಣೆದುರೇ ಪುಕ್ಕಟೆ ನೀರು ಕುಡೀತೀಯಲ್ಲೋ, ಗುಡಾಣ ಹೊಟ್ಟೆಯವನೇ!"

"ಆಕಾಶದ್ದು, ಮೀಟರಣ್ಣ. ಬಾಯಿ ತೆರೆದಿದ್ದೆ, ಬಿತ್ತು," ಎಂದಿತು ಹಂಡೆ.

ಉರಿದುಹೋದ ಮೀಟರು ಸರ್ಕಾರಿ ಮೊಹರಿಗೆ ಅಹವಾಲು ಕೊಟ್ಟಿತು: "ಅಂಗಳದಲ್ಲಿ ಹಿಡಿದಿಟ್ಟ ಮಳೆನೀರಿಗೆಲ್ಲ ತೆರಿಗೆ ಹಾಕಿ, ಸ್ವಾಮಿ. ಕಟ್ಟದವರ ಬಾಯಿ ಮುಚ್ಚಿಸಿ!"

ಹಾಗೆಯೇ ಕಾನೂನಾಯಿತು. ಮಳೆ ಹುಯ್ದು ಬಿಟ್ಟ ಬೆಳಿಗ್ಗೆ ಮೊಹರು ತಪಾಸಣೆಗೆ ಬಂತು. ಹಂಡೆ ಆಗಲೇ ನೀರನ್ನೆಲ್ಲ ಬಸಳೆ ಪಾತಿಗೆ ಸುರಿದು ಬೋರಲು ಮಲಗಿತ್ತು. ಗುಂಡಿಯಲ್ಲಿ ಮಾತ್ರ ಮೀಟರಿನ ಕುತ್ತಿಗೆಯವರೆಗೆ ಮಳೆನೀರು.

"ತೆರಿಗೆ ಕಟ್ಟಿದ್ದೀಯೇನಯ್ಯಾ?" ಎಂದಿತು ಮೊಹರು.

"ಆಕಾಶದ್ದು, ಸ್ವಾಮಿ! ಗುಂಡಿ ತೆರೆದಿತ್ತು, ಬಿತ್ತು..."

ಮೊಹರು ಮುಚ್ಚಳ ಎಳೆದು, ಮೇಲೆ ಅರಗು ಒತ್ತಿ, ಪಕ್ಕದ ಮನೆಗೆ ಹೋಯಿತು.