ರೇಷ್ಮೆಯ ಕೆಳಗಿನ ಬಾಳೆಲೆ

ಒಬ್ಬ ಪಾಳೇಗಾರನಿಗೆ ಬಹುಕಾಲದ ಚರ್ಮರೋಗವಿತ್ತು. ಮೈಮೇಲೆ ಬೊಕ್ಕೆಗಳೆದ್ದು, ಒಡೆದು ಹುಣ್ಣಾಗುತ್ತಿದ್ದವು. ಘನತೆಗೆ ತಕ್ಕುದೆಂದು ಅವನು ರೇಷ್ಮೆಯ ಪಟ್ಟಿಯನ್ನೇ ಕಟ್ಟಿಸಿಕೊಳ್ಳುತ್ತಿದ್ದ. ಅದು ಹುಣ್ಣಿಗೆ ಅಂಟಿಕೊಂಡು, ಬಿಚ್ಚುವಾಗ ತೊಗಲೂ ಕಿತ್ತು ಬರುತ್ತಿತ್ತು. ಬಿಚ್ಚುವ ಕೆಲಸ ಊಳಿಗದ ಭರಮನದು.

"ನಾಳೆ ನೋವಾದರೆ ನಿನ್ನ ತೊಗಲು ಸುಲಿಸ್ತೀನಿ," ಎಂದು ಪಾಳೇಗಾರ ಗುಡುಗಿದ.

ಭರಮ ಕೈಮುಗಿದ. "ರೇಷ್ಮೆಯ ತಪ್ಪಿಲ್ಲ, ಬುದ್ಧೀ. ಆಸ್ಥಾನದವರಂತೆ ಅದಕ್ಕೂ ತಮ್ಮನ್ನು ಬಿಟ್ಟಿರೋಕಾಗಲ್ಲ. ಬಾಳೆಲೆಗಾದರೆ ಪಾಯಸವೂ ಅಂಟಲ್ಲ. ಬೇಯಿಸಿ ಕಟ್ಟಲಾ?"

"ಉಂಡು ಬಿಸಾಡೋ ಎಲೆ ನನ್ನ ಮೈಗೇನೋ?"

"ಹುಣ್ಣಿಗೆ ಎಲೆ, ಬುದ್ಧೀ. ನೋಡೋರಿಗೆ ಮೇಲೆ ರೇಷ್ಮೆ."

ಮರುದಿನ ಪಟ್ಟಿ ಸಲೀಸಾಗಿ ಬಿಚ್ಚಿ ಬಂತು. ಪಾಳೇಗಾರ ಚೀರಲಿಲ್ಲ. ಒಳಗಿನ ಎಲೆಯ ಸುದ್ದಿ ತಿಳಿಯದ ಆಸ್ಥಾನವೆಲ್ಲ ರೇಷ್ಮೆಯ ಗುಣವನ್ನು ಕೊಂಡಾಡಿತು. ಅವನೂ ಗಂಭೀರವಾಗಿ ತಲೆದೂಗಿದ. ಆಮೇಲೆ ಭರಮನ ಕಿವಿಯಲ್ಲಿ ಪಿಸುಗುಟ್ಟಿದ:

"ಲೋ, ನಾಳೆಯಿಂದ ಇವರಿಗೆಲ್ಲ ತಟ್ಟೆಯಲ್ಲಿ ಬಡಿಸು. ಬರೀ ಉಣ್ಣೋಕೆ ಎಲೆ ದಂಡ ಮಾಡಬೇಡ."