ತಾಯಿಕೋಳಿ ಬಿಡುವು ಕೊಟ್ಟು ಕೂಗುವುದೇಕೆ?

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮಣ್ಣು ಇನ್ನೂ ಹಸಿ. ಯಾವ ಕಡೆ ಹರಿಯಬೇಕೆಂದು ಹೊಳೆಗೇ ಸರಿಯಾಗಿ ತಿಳಿದಿರಲಿಲ್ಲ. ಆಗ ಕೋಳಿಗಳ ಕಿವಿಗೆ ಕದ ಇರಲಿಲ್ಲ. ಗಾಳಿಯ ಸದ್ದು, ನೀರಿನ ಸದ್ದು, ಎಲೆಯ ಸದ್ದು ಎಲ್ಲವೂ ಒಟ್ಟಿಗೇ ನುಗ್ಗುತ್ತಿದ್ದವು. ಒಟ್ಟಿಗೇ ನುಗ್ಗಿದರೆ ಯಾವುದು ಯಾರದೆಂದು ತಿಳಿಯುವುದು ಹೇಗೆ?

ಹೊಳೆಯ ದಡದಲ್ಲಿ ಕೆಂಚಿ ಎಂಬ ಕೋಳಿ ಏಳು ಮರಿಗಳನ್ನು ಕಟ್ಟಿಕೊಂಡು ಮೇಯುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಆರೇ ಇವೆ. ಕೊನೆಯ ಮರಿ ಹುಳದ ಹಿಂದೆ ಓಡಿ, ದಡದ ಮರದ ಬೇರುಗಳ ಸಂದಿಗೆ ಬಿದ್ದಿತ್ತು. ಹೊಳೆ ಏರುತ್ತಿತ್ತು. ನೀರು ಮರಿಯ ಕಾಲು ಮುಟ್ಟಿತ್ತು.

"ಕೊಕೊಕೊಕೊಕೊ! ಎಲ್ಲಿ ಹಾಳಾಗಿ ಹೋದೆಯೋ! ಕೊಕೊಕೊಕೊ!" ಕೆಂಚಿ ಹುಚ್ಚು ಹಿಡಿದಂತೆ ಓಡಾಡಿತು.

"ಗಾಳಿಯಣ್ಣ, ಒಂದು ಗಳಿಗೆ ಸುಮ್ಮನಿರು."

"ಸುಮ್ಮನಿದ್ದರೆ ನಾನು ಗಾಳಿಯೇ ಅಲ್ಲವಲ್ಲ ತಾಯಿ."

"ಹೊಳೆಯವ್ವ, ನೀನಾದರೂ ನಿಲ್ಲು."

"ನಿಲ್ಲಲು ನನಗೂ ಆಸೆ ಮಗಳೇ. ಹಿಂದಿನ ನೀರು ತಳ್ಳುತ್ತಿದೆ, ಏನು ಮಾಡಲಿ?"

"ನಿಮ್ಮ ಮಗು ಕಳೆದಿದ್ದರೆ ಗೊತ್ತಾಗುತ್ತಿತ್ತು!" ಕೆಂಚಿ ಬೈದಿತು, ಅತ್ತಿತು, ಮತ್ತೆ ಕೂಗಿತು.

ಹತ್ತಿರದ ಬಂಡೆಯ ಮೇಲೆ ದೇವೀರಿ, ಸಾಕಿ ಎಂಬ ಓರಗಿತ್ತಿಯರು ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದರು. ಜಗಳವಾಡಿ ಮೂರು ದಿನದಿಂದ ಮಾತು ಬಿಟ್ಟಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆದರೂ ಒಂದು ಒನಕೆ ಏಳುವಾಗ ಇನ್ನೊಂದು ಇಳಿಯುತ್ತಿತ್ತು. ಒಮ್ಮೆಯೂ ತಾಗುತ್ತಿರಲಿಲ್ಲ. ಓಡಾಡುತ್ತಿದ್ದ ಕೆಂಚಿ ಅದನ್ನು ಕಂಡು ನಿಂತು ಕೇಳಿತು,

"ದೇವೀರಕ್ಕ, ಇಷ್ಟು ಗದ್ದಲದಲ್ಲಿ ಅವಳ ಒನಕೆ ನಿನಗೆ ಹೇಗೆ ಕೇಳುತ್ತದೆ?"

"ದಿನವಿಡೀ ಇವಳನ್ನೇ ಕೇಳುತ್ತಿದ್ದರೆ ನನ್ನ ತಲೆ ಉಳಿದೀತೇ?" ಎಂದಳು ದೇವೀರಿ. "ಕುಟ್ಟುತ್ತಾ ಕುಟ್ಟುತ್ತಾ ತಲೆಯೊಳಗೆ ಒಂದು ತೊಟ್ಟಿಲು ತೂಗತೊಡಗುತ್ತದೆ. ಈಚೆ ಬಂದಾಗ ಕಿವಿಯ ಕದ ತೆರೆಯುತ್ತದೆ, ಆಚೆ ಹೋದಾಗ ಮುಚ್ಚುತ್ತದೆ. ಸದ್ದು ಬರುವ ಹೊತ್ತಿಗೆ ಕದ ತೆರೆದಿದ್ದರೆ ಸಾಕು, ಸಾಸಿವೆ ಉದುರಿದರೂ ಕೇಳುತ್ತದೆ."

ಸಾಕಿ ಒನಕೆ ನಿಲ್ಲಿಸದೆ ಹೇಳಿದಳು, "ನೀನು ಹೀಗೆ ಒಂದೇ ಸಮನೆ ಅರಚಿದರೆ ಮರಿ ಯಾವಾಗ ಓ ಅನ್ನಬೇಕು? ಅದಕ್ಕೂ ಒಂದು ಸರದಿ ಬಿಡೇ, ಬಾಯಿಬಡುಕಿ!"

ಕೆಂಚಿಗೆ ನಾಚಿಕೆಯಾಯಿತು. ಗಾಳಿಗಿಂತ, ಹೊಳೆಗಿಂತ ಹೆಚ್ಚು ಗದ್ದಲ ಮಾಡಿದ್ದು ತಾನೇ. ಅದು ಒನಕೆಯ ಏಟಿಗೆ ತಕ್ಕಂತೆ ತನ್ನ ಕೂಗು ಸೇರಿಸಿತು. ಕೊಕ್... ಬಿಡುವು. ಕೊಕ್... ಬಿಡುವು.

ಸಂದಿಯಲ್ಲಿ ನೀರು ಮರಿಯ ಹೊಟ್ಟೆಗೆ ಬಂದಿತ್ತು. ಹೆದರಿದ ಮರಿ ಸಿಕ್ಕಸಿಕ್ಕಂತೆ ಚೀರುತ್ತಿತ್ತು. ಅಮ್ಮನ ಕೊಕ್ ಕೇಳಿತು. ಮತ್ತೊಂದು ಕೇಳಿತು. ಮೂರನೆಯದು ಬರುವ ಮೊದಲೇ, ಅದು ಯಾವಾಗ ಬರುತ್ತದೆಂದು ಮರಿಗೆ ಗೊತ್ತಾಯಿತು. ಅದರ ಪುಟ್ಟ ತಲೆಯಲ್ಲೂ ತೊಟ್ಟಿಲು ತೂಗತೊಡಗಿತು. ಮರಿ ಚೀರುವುದನ್ನು ಬಿಟ್ಟು ತನ್ನ ಸರದಿಗೆ ಕಾದಿತು.

ಕೊಕ್... ಬರೀ ಗಾಳಿ.

ಕೊಕ್... ಬರೀ ನೀರು.

ಕೊಕ್... ಕೂದಲೆಳೆಯಷ್ಟು ಸಣ್ಣಗೆ, "ಚಿಂವ್."

ಗಾಳಿ ತಗ್ಗಿರಲಿಲ್ಲ, ಹೊಳೆ ನಿಂತಿರಲಿಲ್ಲ. ಆದರೂ ಕೇಳಿತು! ಕೆಂಚಿ ಒಂದು ಕೂಗಿಗೆ ಒಂದು ಹೆಜ್ಜೆ ಇಡುತ್ತಾ ಬೇರಿನ ಬಳಿ ಬಂದು, ಕತ್ತು ಚಾಚಿ, ಮರಿಯ ರೆಕ್ಕೆ ಹಿಡಿದು ಮೇಲಕ್ಕೆಳೆಯಿತು. ಮೊದಲು ತಲೆಗೊಂದು ಕುಕ್ಕಿತು. "ಇನ್ನೊಮ್ಮೆ ಹೋಗುತ್ತೀಯಾ? ಹೋಗುತ್ತೀಯಾ?" ಆಮೇಲೆ ನಡುಗುವ ಮರಿಯನ್ನು ರೆಕ್ಕೆಯ ಕೆಳಗೆ ಎಳೆದುಕೊಂಡು ಬಹಳ ಹೊತ್ತು ಕೂತಿತು.

ಅಂದು ತೂಗತೊಡಗಿದ ತೊಟ್ಟಿಲು ಕೋಳಿಗಳ ತಲೆಯಲ್ಲಿ ಇನ್ನೂ ನಿಂತಿಲ್ಲ. ಅದಕ್ಕೇ ಮಗಾ, ನಮ್ಮ ಹಿತ್ತಲಲ್ಲಿ ತಾಯಿಕೋಳಿ ಕೊಕ್, ಕೊಕ್ ಎಂದು ಬಿಡುವು ಕೊಟ್ಟು ನಡೆಯುತ್ತದೆ. ಒಂದೇ ಒಂದು ಕೊಕ್ ಬರುವ ಹೊತ್ತಿಗೆ ಬಾರದಿದ್ದರೆ ಸಾಕು, ನೋಡು, ಅಷ್ಟೂ ಮರಿಗಳು ಕಾಳು ಬಿಟ್ಟು ಕತ್ತೆತ್ತಿ ನಿಲ್ಲುತ್ತವೆ.